ಐದು ನಿಮಿಷ ತಡವಾದವರು

"ಕೆಲಸಕ್ಕೆ ಜನ ಸಿಗುತ್ತಿಲ್ಲ" ಎಂದು ಯಾರಾದರೂ ಮೈಕಿನ ಮುಂದೆ ನಿಂತು ಹೇಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಜನ ಸಿಗುತ್ತಾರೆ. ಸಿಕ್ಕ ಜನರನ್ನೇ ಗೇಟಿನ ಹೊರಗೆ ನಿಲ್ಲಿಸಿ ಬೀಗ ಹಾಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡೂ ಕೆಲವು ದಿನ ಬಾಯಿ ಮುಚ್ಚಿಕೊಂಡಿದ್ದೆ, ಆ ಸಿಟ್ಟು ನನ್ನ ಮೇಲೂ ಇದೆ.

ಆಗ ನಾನು ಹಾಸನದ ಹೊರಗಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್. ಸಾಲಗಾಮೆಯಿಂದ ದಿನಾ ಓಡಾಡುತ್ತಿದ್ದೆ. ಎಂಟು ವರ್ಷ ಮೆಷಿನ್ ಮುಂದೆ ಕೂತು ಸೊಂಟ ಕೆಡಿಸಿಕೊಂಡು, ಆಮೇಲೆ ಎದ್ದು ನಿಂತು ಬೇರೆಯವರ ಹೊಲಿಗೆ ನೋಡುವ ಕೆಲಸಕ್ಕೆ ಬಂದವಳು. ನನ್ನ ಲೈನಿನಲ್ಲಿ ಶರ್ಟಿಗೆ ಕಾಲರ್ ಕೂರಿಸುತ್ತಿದ್ದ ಹೆಂಗಸು ಅರಕಲಗೂಡಿನ ಹತ್ತಿರದ ಹಳ್ಳಿಯವಳು. ನನಗಿಂತ ವಯಸ್ಸಿನಲ್ಲಿ ದೊಡ್ಡವಳಾದ್ದರಿಂದ ಅಕ್ಕ ಎನ್ನುತ್ತಿದ್ದೆ. ಶರ್ಟಿನಲ್ಲಿ ಕಾಲರೇ ಕಷ್ಟದ ಕೆಲಸ. ಬಟ್ಟೆ ಕೂದಲೆಳೆಯಷ್ಟು ಜರುಗಿದರೂ ಕತ್ತಿನ ಹತ್ತಿರ ಸುಕ್ಕು ಬಿದ್ದು ಇಡೀ ಶರ್ಟು ವಾಪಸ್ ಬರುತ್ತದೆ. ಅಕ್ಕನಿಗೆ ಅಳತೆ ಬೆರಳ ತುದಿಯಲ್ಲೇ ಇತ್ತು. ಹೊಸದಾಗಿ ಬಂದವರನ್ನು ನಾನು ಮೊದಲು ಅವಳ ಪಕ್ಕ ಒಂದು ವಾರ ಕೂರಿಸುತ್ತಿದ್ದೆ. ಬೈಯದೆ ಕಲಿಸುತ್ತಿದ್ದಳು.

ಅರಕಲಗೂಡು, ಹೊಳೆನರಸೀಪುರದ ಕಡೆಯ ಹೆಂಗಸರನ್ನು ಕರೆತರಲು ಮೊದಲು ಕಂಪನಿಯದೇ ವ್ಯಾನುಗಳಿದ್ದವು. ಒಂದು ದಿನ ನೋಟಿಸ್ ಬೋರ್ಡಿನಲ್ಲಿ ಹಾಳೆ ಅಂಟಿಸಿದರು: ಮುಂದಿನ ತಿಂಗಳಿಂದ ವ್ಯಾನ್ ಇಲ್ಲ, ಅವರವರ ದಾರಿ ಅವರವರೇ ನೋಡಿಕೊಳ್ಳಬೇಕು. ಹೊಳೆನರಸೀಪುರದವರಿಗೆ ರೈಲೋ ಬಸ್ಸೋ ಹೇಗೋ ಹೊಂದಿತು. ಅರಕಲಗೂಡಿನವರಿಗೆ ಹೊಂದಲಿಲ್ಲ. ಅವರ ಬೆಳಗಿನ ಬಸ್ಸು ಇಳಿಸುವ ಕಡೆಯಿಂದ ಬಿರಬಿರನೆ ನಡೆದರೂ ಕಾರ್ಖಾನೆ ಮುಟ್ಟುವ ಹೊತ್ತಿಗೆ ಒಂಬತ್ತು ಐದು. ಗೇಟು ಮುಚ್ಚುತ್ತಿದ್ದುದು ಒಂಬತ್ತಕ್ಕೆ.

ಮೊದಲ ದಿನ ಕೂಗಾಟ ಕೇಳಿ ಗೇಟಿನ ಹತ್ತಿರ ಹೋದೆ. ಹೊರಗೆ ಹದಿನಾಲ್ಕು ಜನ, ಕೈಯಲ್ಲಿ ಬುತ್ತಿ ಚೀಲ. ಸೆಕ್ಯುರಿಟಿ ತಾತ ತಲೆ ತಗ್ಗಿಸಿ ನಿಂತಿದ್ದ.

"ನಾನೇನ್ ಮಾಡ್ಲವ್ವ, ಒಂಬತ್ತಕ್ಕೆ ಬೀಗ ಆಕು ಅಂತ ಯೋಳವ್ರೆ."

"ಬಸ್ಸು ಬಂದಾಗ ತಾನೇ ನಾವ್ ಬರಾದು? ಅರಕಲಗೂಡಿಂದ ಆರ್ಕಂಡ್ ಬರಾಕಾಯ್ತದಾ?" ಎಂದಳು ಅಕ್ಕ.

ಒಳಗೆ ನನ್ನ ಲೈನ್ ನಿಂತಿತ್ತು. ಕಾಲರ್ ಮೆಷಿನ್ ಖಾಲಿ, ಅದರ ಹಿಂದೆ ಅರೆಬರೆ ಶರ್ಟುಗಳ ರಾಶಿ. ಪ್ರೊಡಕ್ಷನ್ ಮ್ಯಾನೇಜರ್ ಬಂದು ಟಾರ್ಗೆಟ್ ಯಾಕಾಗಿಲ್ಲ ಎಂದು ನನ್ನ ಮೇಲೆ ಹಾರಾಡಿದರು. "ಸರ್, ಕೆಲಸದವರು ಗೇಟಿನ ಹೊರಗೆ ನಿಂತಿದ್ದಾರೆ, ಒಳಗೆ ಬಿಡಿಸಿ" ಎಂದೆ. "ರೂಲ್ ಅಂದ್ರೆ ರೂಲ್. ಇವತ್ತು ಐದು ನಿಮಿಷ ಬಿಟ್ರೆ ನಾಳೆ ಅರ್ಧ ಗಂಟೆ ಕೇಳ್ತಾರೆ" ಎಂದರು. ಮೆಷಿನ್ ದಿನವಿಡೀ ಖಾಲಿ ಇದ್ದರೂ ಆಗಬಹುದು, ಐದು ನಿಮಿಷ ಬಿಡಬಾರದು! ಆ ಹೆಂಗಸರು ಬಂದ ದಾರಿಯಲ್ಲೇ ವಾಪಸ್ ಹೋದರು. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ, ಪದೇ ಪದೇ ತಡ ಮಾಡುವವರು ರಾಜೀನಾಮೆ ಬರೆದುಕೊಡಬಹುದು ಎಂದು ಆಫೀಸಿನಿಂದ ಹೇಳಿಕಳಿಸಿದರು. ನಾನು ಆಗ ಸುಮ್ಮನಿದ್ದೆ. ಮನೆ ಇತ್ತು, ಮಗಳ ಓದಿತ್ತು, ಕೆಲಸ ಬೇಕಿತ್ತು. ಅಕ್ಕ ನಾಲ್ಕನೆಯ ದಿನದಿಂದ ಬರಲಿಲ್ಲ.

ಅದಾಗಿ ಎರಡು ವಾರಕ್ಕೆ ಹಾಸನದಲ್ಲಿ ಒಂದು ಸಭೆ. ಜಿಲ್ಲೆಯಲ್ಲಿ ಕೈಗಾರಿಕೆ ಬೆಳೆಸುವುದು ಹೇಗೆ ಎಂಬ ಚರ್ಚೆ. ಅಧಿಕಾರಿಗಳು, ಕಾರ್ಖಾನೆಗಳವರು, ಎಸಿ ಹಾಲ್, ಗೋಡಂಬಿ ಹಾಕಿದ ಉಪ್ಪಿಟ್ಟು. ಮಹಿಳಾ ಉದ್ಯೋಗಿಗಳ ಪರವಾಗಿ ಎರಡು ಮಾತಾಡಬೇಕೆಂದು ನನ್ನನ್ನೂ ಕರೆದೊಯ್ದರು. ಎರಡು ಮಾತು ಯಾವುವೆಂದು ಅವರೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಕಂಪನಿ ನಮ್ಮ ಕುಟುಂಬವಿದ್ದಂತೆ, ಧನ್ಯವಾದ.

ನನಗಿಂತ ಮೊದಲು ಮಾತಾಡಿದವರು ನಮ್ಮ ಮ್ಯಾನೇಜರ್. ಲೋಕಲ್ ಜನಕ್ಕೆ ಶಿಸ್ತಿಲ್ಲ, ಕಲಿಸಿದರೂ ನಿಲ್ಲುವುದಿಲ್ಲ, ಮನೆ ಬಾಗಿಲಿಗೆ ಕೆಲಸ ತಂದರೂ ಸೋಮಾರಿತನ, ಹೊರ ರಾಜ್ಯದಿಂದ ಆಳು ತರಿಸುವುದೊಂದೇ ದಾರಿ ಎಂದರು. ಕೂತವರು ತಲೆಯಾಡಿಸಿದರು. ಸೋಮಾರಿಗಳಂತೆ! ಕೋಳಿ ಕೂಗುವ ಮುಂಚೆ ಎದ್ದು, ಮುದ್ದೆ ತಿರುವಿ, ಹಸುವಿನ ಹಾಲು ಕರೆದು, ಮಕ್ಕಳ ತಲೆ ಬಾಚಿ ಬಸ್ಸಿಗೆ ಓಡಿ ಬರುವ ಹೆಂಗಸರು.

ಮೈಕ್ ನನ್ನ ಕೈಗೆ ಬಂತು. ಚೀಟಿ ಓದಲಿಲ್ಲ.

"ಸಾರ್, ನಮ್ಮ ಕಾರ್ಖಾನೇಲಿ ಕಾಲರ್ ಕೂರ್ಸೋ ಹೆಂಗ್ಸು ಓಡಿಹೋಗ್ಲಿಲ್ಲ. ಮೂರು ದಿನ ಗೇಟಿನ ಹೊರ್ಗೆ ನಿಂತಿದ್ಲು. ಬಸ್ಸು ಐದು ನಿಮಿಷ ತಡ. ವ್ಯಾನ್ ನಿಲ್ಸಿದ್ದು ಅವಳಲ್ಲ, ಬಸ್ಸು ಓಡ್ಸೋದೂ ಅವಳಲ್ಲ. ಬಂದೋರಿಗೆ ಬೀಗ ಹಾಕಿ, ಜನ ಬರೋದಿಲ್ಲ ಅಂತ ಇಲ್ಲಿ ಹೇಳೋದು ಯಾವ ನ್ಯಾಯ ಸಾರ್?"

ನಿರೂಪಣೆ ಮಾಡುತ್ತಿದ್ದವರು "ಒಳ್ಳೆಯ ಸಲಹೆ" ಎಂದು ಮೈಕ್ ತೆಗೆದುಕೊಂಡು ಮುಂದಿನವರ ಹೆಸರು ಕೂಗಿದರು. ನಾನು ಕೊಟ್ಟಿದ್ದು ಸಲಹೆಯಂತೆ. ಮಾರನೆಯ ದಿನವೇ ನನ್ನನ್ನು ಲೈನಿನಿಂದ ತೆಗೆದು, ಶರ್ಟಿನ ಉಳಿದ ದಾರ ಕತ್ತರಿಸುವ ವಿಭಾಗಕ್ಕೆ ಹಾಕಿದರು.

ಕಳೆದುಕೊಳ್ಳಲು ಇನ್ನೇನೂ ಉಳಿದಿರಲಿಲ್ಲ. ರಜೆ ಹಾಕಿ, ಅರಕಲಗೂಡಿನ ಕಡೆಯ ಆರು ಹೆಂಗಸರನ್ನು ಕರೆದುಕೊಂಡು ಬಸ್ ಡಿಪೊಗೆ ಹೋದೆ. ಅಲ್ಲಿನ ಸಾಹೇಬರು ನಮ್ಮನ್ನು ಕೂರಿಸಿ ಪೂರ್ತಿ ಕೇಳಿದರು. ಮುಂಚೆ ಇನ್ನೂ ಬೇಗ ಹೊರಡುವ ಬಸ್ಸೊಂದಿತ್ತಂತೆ. ಹೆಂಗಸರೆಲ್ಲ ಕಂಪನಿ ವ್ಯಾನ್ ಹತ್ತುತ್ತಿದ್ದರಿಂದ ಅದು ಖಾಲಿ ಓಡಿ ಓಡಿ ರದ್ದಾಯಿತಂತೆ.

"ವ್ಯಾನ್ ನಿಂತೋಗಿದೆ ಅಂತ ಕಂಪನಿಯವ್ರು ಒಂದು ಕಾಗ್ದ ಬರ್ದಿದ್ರೆ ಅವತ್ತೇ ಬಸ್ ಬಿಡ್ತಿದ್ದೆ ಕಣಮ್ಮ. ಯಾರೂ ಬಂದು ಕೇಳ್ಲೇ ಇಲ್ವಲ್ಲ."

ಅಲ್ಲೇ ಅರ್ಜಿ ಬರೆದುಕೊಟ್ಟೆವು. ಮುಂದಿನ ಸೋಮವಾರದಿಂದ ಬಸ್ಸು ಬಂತು. ಎಸಿ ಹಾಲಿನಲ್ಲಿ ಕೂತು ಇಡೀ ಜಿಲ್ಲೆಯನ್ನು ಉದ್ಧಾರ ಮಾಡುತ್ತಿದ್ದವರಿಗೆ ಒಂದು ಕಾಗದ ಬರೆಯುವುದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೋ, ಬೇಕಿರಲಿಲ್ಲವೋ.

ಅಕ್ಕನನ್ನು ಕರೆಯಲು ಅವಳ ಮನೆಗೇ ಹೋದೆ. ಜಗಲಿಯ ಮೇಲೆ ಹಳೆಯ ಮೆಷಿನ್ ಇಟ್ಟುಕೊಂಡು ಯಾರದೋ ಮದುವೆಯ ರವಿಕೆ ಹೊಲಿಯುತ್ತಿದ್ದಳು. ಬಸ್ಸಿನ ಸುದ್ದಿ ಕೇಳಿ ಖುಷಿಪಟ್ಟಳು. ಮಜ್ಜಿಗೆ ಕೊಟ್ಟಳು.

"ಬಾ ಅಕ್ಕ, ನಾನೇ ಮಾತಾಡ್ತೀನಿ" ಎಂದೆ.

"ಬ್ಯಾಡ ಕಣವ್ವ. ಅನ್ನೊಂದ್ ವರ್ಸ ದುಡ್ದಿವ್ನಿ. ಅವತ್ತು ಗೇಟಿನ್ ಸಂದೀಲಿ ಆ ಮ್ಯಾನೇಜ್ರು ನನ್ ಮಕ ನೋಡಿ, ಯಾರೋ ಬಿಕ್ಸಕ್ ಬಂದೋಳು ಅನ್ನಂಗೆ ಆ ಕಡೀಕ್ ತಿರೀಕಂಡ. ಇನ್ನ ಅಲ್ಲಿಗ್ ಕಾಲಿಕ್ಕಾಕಿಲ್ಲ."

ಮಜ್ಜಿಗೆ ಕುಡಿದು ಎದ್ದೆ. ಆ ಕೈಯ ಕೆಲಸವನ್ನು ಕಲಿಯಲು ಇನ್ನೊಬ್ಬರಿಗೆ ವರ್ಷಗಳು ಬೇಕು. ಅದನ್ನು ಐದು ನಿಮಿಷಕ್ಕೆ ಕಳೆದುಕೊಂಡರು. ಕಳೆದುಕೊಂಡದ್ದು ಅವರ ಅರಿವಿಗೂ ಬರಲಿಲ್ಲ.

ಆರು ತಿಂಗಳಲ್ಲಿ ನಾನೂ ಬಿಟ್ಟೆ. ಈಗ ಚನ್ನರಾಯಪಟ್ಟಣದ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುತ್ತೇನೆ. ಹಿರೀಸಾವೆಯ ಕಡೆಯಿಂದಲೂ ಹೆಂಗಸರು ಬರುತ್ತಾರೆ. ಕೋರ್ಸು ಮುಗಿಯುವ ಹೊತ್ತಿಗೆ ಕಾರ್ಖಾನೆಗಳವರು ಕಾರಿನಲ್ಲಿ ಬಂದು, ಮೂವತ್ತು ಜನ ಕೊಡಿ, ನಲವತ್ತು ಜನ ಕೊಡಿ ಎನ್ನುತ್ತಾರೆ. ಕೆಲಸಕ್ಕೆ ಕರೆದುಕೊಂಡು ಹೋಗುವುದು ಹೇಗೆ, ಬಸ್ಸು ತಡವಾದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಕೆಲವರು ಕೂತು ಉತ್ತರ ಹೇಳುತ್ತಾರೆ. ಕೆಲವರು, ಅದನ್ನೆಲ್ಲ ಕೇಳಲು ಇವಳು ಯಾರು ಎನ್ನುವಂತೆ ಮುಖ ಕಿವುಚುತ್ತಾರೆ. ಅಂಥವರನ್ನು ಬರಿಗೈಯಲ್ಲಿ ಕಳಿಸುತ್ತೇನೆ. ಹೋಗಿ ಹೇಳಿಕೊಳ್ಳಲಿ, ಜನ ಸಿಗುತ್ತಿಲ್ಲವೆಂದು.