ಬೇಟೆಗಾರ ಆಂಪೊನ್ಸೆಮ್‌ನ ಕನ್ನಡಕ

ಎಲ್ಲರೂ ಯಾವಣ್ಣ ಎಂದು ಕರೆಯುತ್ತಿದ್ದ ಬೇಟೆಗಾರ ಯಾವ್ ಆಂಪೊನ್ಸೆಮ್ ಇದ್ದಿಲಿನ ಮೂಟೆಗೆ ಗುಂಡು ಹೊಡೆದ ದಿನ ಊರಿಗೆ ಊರೇ ನಕ್ಕಿತು. ನಗದೆ ಉಳಿದವರು ಇಬ್ಬರೇ. ಒಬ್ಬ ಅವನು. ಇನ್ನೊಬ್ಬಳು ಆ ಮೂಟೆಯ ಒಡತಿ ಫೊರಿವಾ.

ತೆಚಿಮಾನ್ ಪೇಟೆಗೆ ಅರ್ಧ ದಿನದ ದಾರಿಯ ಆ ಊರಿನಲ್ಲಿ ಅವನಷ್ಟು ಪಳಗಿದ ಬೇಟೆಗಾರ ಮತ್ತೊಬ್ಬನಿರಲಿಲ್ಲ. ವಯಸ್ಸು ಐವತ್ತೈದು ದಾಟಿತ್ತು. ಒಂಟಿ ನಳಿಗೆಯ ಕೋವಿ ಅಪ್ಪನ ಕಾಲದ್ದು. ಬೇಟೆನಾಯಿಗೆ, ಆ ಕಡೆ ಎಲ್ಲರೂ ಮಾಡುವಂತೆ, ನೆರೆಯವರಿಗೆ ಚುಚ್ಚುವ ಹೆಸರನ್ನೇ ಇಟ್ಟಿದ್ದ: ‘ಹೊಟ್ಟೆಕಿಚ್ಚು ಬೇಡ’. ಬೆಳಗಾಗೆದ್ದು "ಹೊಟ್ಟೆಕಿಚ್ಚು ಬೇಡ, ಬಾರೋ ಇಲ್ಲಿ!" ಎಂದು ಅವನು ಕೂಗಿದರೆ, ಪಕ್ಕದ ಮನೆಯ ಬೇಟೆಗಾರ ತಾಚಿ ಮುಖ ಸಿಂಡರಿಸಿಕೊಂಡು ಒಳಗೆ ಹೋಗುತ್ತಿದ್ದ.

ನಾಲ್ಕೈದು ವರ್ಷಗಳಿಂದ ಅವನಿಗೆ ದೂರದ್ದೆಲ್ಲ ಗಂಜಿಯಲ್ಲಿ ಕದಡಿದಂತೆ ಕಾಣುತ್ತಿತ್ತು. ಆಂಪೊನ್ಸೆಮ್ ಯಾರಿಗೂ ಬಾಯಿ ಬಿಡಲಿಲ್ಲ. ಗಾಳಿಯ ವಾಸನೆ, ಹುಲ್ಲಿನ ಸರಪರ, ನಾಯಿಯ ನೆಟ್ಟಗಾದ ಕಿವಿ, ಇವುಗಳನ್ನೇ ನಂಬಿ ಹೇಗೋ ನಿಭಾಯಿಸುತ್ತಿದ್ದ. ಆ ದಿನ ಉತ್ತರದ ಗಾಳಿ ಧೂಳೆಬ್ಬಿಸಿತ್ತು, ನಾಯಿ ಯಾವುದೋ ಇಲಿಯ ಹಿಂದೆ ಬಿದ್ದಿತ್ತು. ಹುತ್ತದ ಪಕ್ಕ ಕಪ್ಪಗೆ ಏನೋ ಮುದುಡಿ ಕೂತಿದ್ದು ಕಂಡಿತು. ಕಾಡುಕುರಿಯೇ ಸೈ ಎಂದುಕೊಂಡು ಹೊಡೆದ. ಕರಿ ಹುಡಿ ಮೇಲೆದ್ದಿತು. ಹುತ್ತದ ಹಿಂದಿನಿಂದ ಇದ್ದಿಲು ಸುಡುವ ಫೊರಿವಾ ಎದ್ದು ಬಂದಳು.

"ಯಾವಣ್ಣಾ! ನನ್ನ ಮೂಟೆ ನಿಂಗೇನ್ ಅನ್ಯಾಯ ಮಾಡಿತ್ತೋ?" ಎಂದು ಕಿರುಚಿದವಳು, ಅವನ ಮುಖ ನೋಡಿ ದನಿ ತಗ್ಗಿಸಿದಳು. "ಈಗಷ್ಟೇ ಅದಕ್ಕೆ ಒರಗಿ ಕೂತಿದ್ದೆ. ಹಗ್ಗ ತರೋಣ ಅಂತ ಎದ್ದೆ."

ಆಂಪೊನ್ಸೆಮ್ ಅಲ್ಲೇ ನೆಲದ ಮೇಲೆ ಕುಸಿದು ಕೂತ. ಮನೆಗೆ ಬಂದವನೇ ಕೋವಿಯನ್ನು ಗೋಡೆಗೆ ನೇತುಹಾಕಿದ. ಹತ್ತು ದಿನ ಅತ್ತ ಕಣ್ಣೆತ್ತಿಯೂ ನೋಡಲಿಲ್ಲ. ಬೇಲಿಯಾಚೆಯಿಂದ ತಾಚಿ ಮಾತ್ರ ಬಿಡಲಿಲ್ಲ: "ಯಾವಣ್ಣಾ, ಇದ್ದಿಲಿನ ಸಾರಿಗೆ ಉಪ್ಪು ಎಷ್ಟು ಹಾಕ್ತೀರಾ?"

ಹನ್ನೊಂದನೇ ದಿನ ಹೆಂಡತಿ ಎನ್ಸಿಯಾ ಮರಗೆಣಸಿನ ಫುಫು ಮುದ್ದೆ ಬಡಿಸುತ್ತ, ಎಂದಿನಂತೆ ಮಗಳ ಹೆಸರು ಹಿಡಿದು ಕರೆದು ಹೇಳಿದಳು: "ಸೆರ್ವಾ ಅಪ್ಪ, ನಾಳೆ ಪೇಟೆ ಆಸ್ಪತ್ರೆಗೆ ಹೋಗೋಣ. ನಿಮಗೆ ಕಣ್ಣು ಕಾಣಲ್ಲ ಅಂತ ನಂಗೆ ಎರಡು ವರ್ಷದಿಂದ ಗೊತ್ತು."

"ಯಾರ್ ಹೇಳಿದ್ದು?"

"ಸಂತೇಲಿ ನನ್ನ ಬಿಟ್ಟು ನಮ್ಮಕ್ಕನ ಕೈ ಹಿಡ್ಕೊಂಡು ಹೊರಟಿರಲಿಲ್ವಾ?"

"ಅವಳೂ ನಿನ್ನ ಥರಾನೇ ಇದ್ದಾಳಪ್ಪ."

"ಅವಳಾ? ನನ್ನಂಥೋರು ಇಬ್ಬರು ಸೇರಿದ್ರೆ ಅವಳು!"

ದಪ್ಪ ಗಾಜಿನ ಕನ್ನಡಕ ಬಂತು. ವ್ಯಾನಿನಲ್ಲಿ ವಾಪಸಾಗುವಾಗ ಆಂಪೊನ್ಸೆಮ್ ಕಿಟಕಿಗೆ ಮೂಗು ಒತ್ತಿ, "ಮೇಕೆ. ಸೈಕಲ್ಲು. ಪಪಾಯ ಮರ, ಐದು ಕಾಯಿ," ಎಂದು ದಾರಿಯುದ್ದಕ್ಕೂ ಒಪ್ಪಿಸುತ್ತ ಬಂದ. ಹಿಂದೆ ಕೂತ ಮುದುಕಿಯೊಬ್ಬಳು, "ಪಾಪ, ಈಗಷ್ಟೇ ಭೂಮಿಗೆ ಬಂದಿದ್ದಾನೆ," ಎಂದಳು.

ಆದರೆ ವ್ಯಾನಿನ ಕಿಟಕಿಯೇ ಬೇರೆ, ಕಾಡೇ ಬೇರೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಬೆವರಿಗೆ ಕನ್ನಡಕ ಮೂಗಿನಿಂದ ಜಾರುತ್ತಿತ್ತು. ಬಳ್ಳಿಯೊಂದು ಅದನ್ನು ಕಿತ್ತುಕೊಂಡು ನೇತಾಡಿಸಿತು. ಬಿಸಿಲಿಗೆ ಚೌಕಟ್ಟು ಫಳಕ್ಕೆಂದು, ಮೇಯುತ್ತಿದ್ದ ಕಾಡುಕುರಿ ಒಂದೇ ನೆಗೆತಕ್ಕೆ ಮಾಯವಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಉಸಿರು. ಅಕ್ರಾಂತಿಯೆ ಎಂಬ ಕೊಬ್ಬಿದ ಹುಲ್ಲುಹೆಗ್ಗಣ ಎದುರಿಗೇ ಕೂತಿದೆ, ಗುರಿ ಹಿಡಿದು ಉಸಿರು ಬಿಟ್ಟರೆ ಗಾಜೆಲ್ಲ ಮಂಜು! ಅಂಗಿಯಲ್ಲಿ ಒರೆಸಿದರೆ ಮಂಜಿನ ಮೇಲೆ ಜಿಡ್ಡು.

"ಮೇಷ್ಟ್ರೇ, ಪಾಠ ಎಲ್ಲಿಗೆ ಬಂತು?" ಎಂದ ತಾಚಿ, ಬರಿಗೈಯಲ್ಲಿ ಬಂದವನನ್ನು ಕಂಡು.

ಎನ್ಸಿಯಾ ಹಳೆಯ ಚಡ್ಡಿಯ ಎಲಾಸ್ಟಿಕ್ ಬಿಚ್ಚಿ ಕನ್ನಡಕದ ಎರಡೂ ಕಡ್ಡಿಗೆ ಹೊಲಿದಳು. ಉಳಿದದ್ದನ್ನು ನೋಡಿಕೊಂಡವಳು ಫೊರಿವಾ. ಹರಿದ ಮೂಟೆಗೆ ಬದಲಿಯಾಗಿ ಗಟ್ಟಿ ಚೀಲ ಕೊಡಲು ಅವನು ಹೋದಾಗ, ಅವಳು ಕನ್ನಡಕ ಇಸಿದುಕೊಂಡು ಹೊಳೆಯುವ ಚೌಕಟ್ಟಿಗೆ ಇದ್ದಿಲು ಮಸಿ ಬಳಿದಳು.

"ಗಾಜಿಗೆ ಒಣ ಸೋಪು ತಿಕ್ಕಿ, ಮೆತ್ತನೆ ಬಟ್ಟೇಲಿ ಒರೆಸು ಯಾವಣ್ಣ. ನಮ್ಮ ತಮ್ಮ ಮಳೇಲಿ ಲಾರಿ ಗಾಜಿಗೆ ಹಂಗೇ ಮಾಡೋದು. ನನ್ನ ಕಡೆ ಮಾತ್ರ ಇನ್ನು ಕೋವಿ ತಿರುಗಿಸ್ಬೇಡ, ಅಷ್ಟು ಸಾಕು."

ಮುಂದಿನ ವಾರ ಊರ ಬೇಟೆಗಾರರೆಲ್ಲ ಸೇರಿ ಹುಲ್ಲುಗಾವಲು ಸುತ್ತುವರಿದರು. ಗಾಜು ಮಂಜಾಗಲಿಲ್ಲ. ಆಂಪೊನ್ಸೆಮ್ ಎರಡು ಅಕ್ರಾಂತಿಯೆ ಹೊಡೆದ; ಅವುಗಳ ಮೀಸೆಯ ಕೂದಲೂ ಕಂಡಿತ್ತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ. ಒಂದನ್ನು ಇಡಿಯಾಗಿ ಫೊರಿವಾಳ ಅಡುಗೆಮನೆಯಲ್ಲಿಟ್ಟು ಬಂದ.

ಸಂಜೆ ತಾಚಿ ಹಿತ್ತಲಿಗೆ ಬಂದ. ಗಂಟಲು ಸರಿಮಾಡಿಕೊಂಡ.

"ಒಂದ್ ಸಲ ಕೊಡು ಮಾರಾಯ, ಹಾಕ್ಕೊಂಡ್ ನೋಡ್ತೀನಿ. ಸುಮ್ನೆ, ತಮಾಷೆಗೆ."

ಹಾಕಿಕೊಂಡ. ಕತ್ತು ತಿರುಗಿಸಿ ಸುತ್ತಲೂ ನೋಡಿದ. ಆಮೇಲೆ ಮೆಲ್ಲಗೆ, "ಆ ಮರದ ತುಂಬ ನೇತಾಡ್ತಿರೋದು ಏನು? ಹಣ್ಣಾ?" ಎಂದ.

"ಗೀಜಗನ ಗೂಡು ಕಣೋ. ನಾವು ಚಿಕ್ಕೋರಿದ್ದಾಗಿಂದ ಇವೆ."

"ಹೌದಾ?"

ಆಂಪೊನ್ಸೆಮ್ ಅವನತ್ತ ತಿರುಗಿದ. "ತಾಚಿ, ಇವತ್ತು ನನ್ನ ಎದುರು ಸಾಲಲ್ಲಿ ಕೋವಿ ಹಿಡಿದು ನಿಂತಿದ್ದೋನು ನೀನೇ ಅಲ್ವಾ?"

"ನಾನೇ. ಸದ್ದು ಬಂದ ಕಡೆ ಹೊಡೀತೀನಿ ಅಷ್ಟೇ."

"ನಾನೂ ಸದ್ದು ಮಾಡ್ತೀನಲ್ಲೋ ಪಾಪಿ!"

ತಾಚಿ ಕನ್ನಡಕ ತೆಗೆದ, ಮತ್ತೆ ಹಾಕಿಕೊಂಡ. ಇಬ್ಬರಿಗೂ ಒಟ್ಟಿಗೇ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು.

ಆದರೆ ಅಂದು ಆಂಪೊನ್ಸೆಮ್ ನಕ್ಕು ಸುಮ್ಮನಾಗಲಿಲ್ಲ. ಮುಂದಿನ ಬೇಟೆಗೆ ಹೊರಡುವ ಮೊದಲು ಊರ ಒಂಬತ್ತು ಬೇಟೆಗಾರರನ್ನೂ ಆ ಮರದಿಂದ ದೂರ ನಿಲ್ಲಿಸಿ ಗೂಡು ಎಣಿಸಲು ಹೇಳಿದ. ತಾಚಿ ಸೇರಿ ಮೂವರ ಲೆಕ್ಕ ಉಳಿದವರದಕ್ಕೆ ತಾಳೆಯಾಗಲಿಲ್ಲ, ಅವರಲ್ಲೊಬ್ಬನಂತೂ "ಯಾವ ಮರ?" ಎಂದ. ಅವರ ಕೈಯಿಂದ ಕೋವಿ ತೆಗೆದು, ಹುಲ್ಲು ಬಡಿಯುವ ಕೋಲು ಕೊಟ್ಟ. ಗೊಣಗಾಟ, ಬೈಗುಳ ಎಲ್ಲವೂ ಆಯಿತು. ಆ ವಾರವೇ ಮೂವರೂ ಪೇಟೆಯ ವ್ಯಾನು ಹತ್ತಿದರು. ತಾಚಿ ಆಸ್ಪತ್ರೆಯಲ್ಲಿದ್ದುದರಲ್ಲೇ ಅತಿ ದೊಡ್ಡ ಚೌಕಟ್ಟನ್ನು ಆರಿಸಿಕೊಂಡು, ಮುಖದ ಅರ್ಧ ಮುಚ್ಚಿಕೊಂಡು, ಕಿಟಕಿಯ ಪಕ್ಕದ ಸೀಟಿಗಾಗಿ ಜಗಳವಾಡುತ್ತ ಊರಿಗೆ ಮರಳಿದ.