ಹಗೇವಿನ ಬಾಯಲ್ಲಿ ಅಕ್ಕ ಕೇಳಿದ ಮಾತು

ಹದಿನೈದು ದಿನದ ಕೆಳಗೆ ನಮ್ಮ ಮನೆಯಲ್ಲಿ ಹಗೇವು ತೆಗೆದೆವು. ಜೋಳ ತೆಗೆಯಲು ಹೋಗಿ ಹೊಲ ಮನೆಯನ್ನೆಲ್ಲ ಹೊರಗೆ ತೆಗೆದುಬಿಟ್ಟೆವು!

(ಯುದ್ಧಕಾಲದ ಲೆವಿ ಎಂದು ಮನೆಮನೆಯ ಜೋಳ ವಸೂಲಿಗೆ ಬರುವ ಅಧಿಕಾರಿಗಳು ಈ ವಾರದ ಪತ್ರಿಕೆ ಓದದಿದ್ದರೆ ಒಳ್ಳೆಯದು. ಜೋಳ ಸ್ವಲ್ಪವೇ ಇತ್ತು ಸ್ವಾಮಿ, ನಂಬಿ.)

ಹೊನ್ನಾಳಿ ಕಡೆಯ ಹೊಳೆಸಾಲಿನ ಓದುಗರಿಗೆ ಹಗೇವು ಅಂದರೆ ಗೊತ್ತಿಲ್ಲದಿರಬಹುದು. ನಮ್ಮ ಜಗಳೂರು ಸೀಮೆಯಲ್ಲಿ ಜೋಳವನ್ನು ನೆಲದೊಳಗಿನ ಆಳವಾದ ಗುಂಡಿಗೆ ತುಂಬಿ, ಬಾಯಿಗೆ ಚಪ್ಪಡಿ ಹಾಕಿ, ಮೇಲೆ ಮಣ್ಣು ಮೆತ್ತಿಬಿಡುತ್ತೇವೆ. ತೆಗೆಯುವ ದಿನ ಮನೆಯವರೆಲ್ಲ ಸುತ್ತ ನಿಲ್ಲಬೇಕು. ಮೊದಲ ಪುಟ್ಟಿ ಜೋಳ ಮೇಲೆ ಬರುವವರೆಗೆ ಯಾರೂ ಕದಲುವಂತಿಲ್ಲ. ಏಕೆ? ಎಷ್ಟಿತ್ತೋ ಏನೋ, ನಾನು ನೋಡಲಿಲ್ಲ ಎಂದು ಆಮೇಲೆ ಯಾರೂ ಅನ್ನಬಾರದು. ಜೋಳದ ವಿಷಯದಲ್ಲಿ ನಾವು ಅಷ್ಟು ಹುಷಾರು.

ಹೊಲ ಮನೆಯ ಪಾಲಿನ ವಿಷಯದಲ್ಲಿ? ಆಗ ಎಲ್ಲರ ಬಾಯಿಗೂ ಬೀಗ.

ನಮ್ಮಪ್ಪನನ್ನೇ ನೋಡಿ. ಪಾಲು ಪಂಚಾಯ್ತಿಯಲ್ಲಿ ಅವರದು ಎತ್ತಿದ ಕೈ. ಅಣ್ಣತಮ್ಮಂದಿರು ಬೇರೆಯಾಗುವಾಗ ಹೊನ್ನಾಳಿ, ನ್ಯಾಮತಿಯ ನಂಟರ ಮನೆಗಳಿಂದಲೂ ಅವರಿಗೆ ಕರೆ ಬರುತ್ತದೆ. ಆದರೆ ಅವರದೊಂದು ಕರಾರು. "ಯಜಮಾನ ಹೋದ ಮ್ಯಾಲೆ ಹೇಳಿ ಕಳಿಸ್ರಿ. ಅವನು ಬದುಕಿರೋ ತನಕ ನಾನು ಬರಾಕಿಲ್ಲ." ಬದುಕಿರುವವರ ಎದುರು ಪಾಲಿನ ಮಾತೆತ್ತುವುದೆಂದರೆ ಅವರ ಸಾವು ಬಯಸಿದಂತೆ ಎಂಬುದು ಅವರ ನಂಬಿಕೆ. (ನಿಮ್ಮ ಮನೆಯಲ್ಲೂ ಅದೇ ತಾನೆ? ಸುಳ್ಳು ಹೇಳಬೇಡಿ.)

ಹೀಗಾಗಿ ಊರವರ ಮನೆಗಳನ್ನೆಲ್ಲ ಹಂಚಿದ ಅಪ್ಪ, ತಮ್ಮ ಮನೆಯ ವಿಷಯಕ್ಕೆ ಮಾತ್ರ ಮೌನಿಬಾಬಾ. ನನಗೂ ನನ್ನಣ್ಣ ರುದ್ರಪ್ಪನಿಗೂ ಅದರಿಂದ ನಷ್ಟವೇನಿರಲಿಲ್ಲ. ಗಂಡುಮಕ್ಕಳು, ಹೇಗೂ ಬರುತ್ತದೆ. ಆದರೆ ನಮ್ಮಕ್ಕ ಹಾಲಮ್ಮ?

ಅಕ್ಕ ನಮ್ಮಿಬ್ಬರಿಗಿಂತ ದೊಡ್ಡವಳು. ಚನ್ನಗಿರಿಗೆ ಕೊಟ್ಟಿದ್ದೆವು. ಮದುವೆಯಾದ ಕೆಲವೇ ದಿನಕ್ಕೆ ಗಂಡ ತೀರಿಕೊಂಡು ತವರಿಗೆ ಬಂದಳು. ಅವ್ವ ಹೋದ ಮೇಲೆ ಈ ಮನೆ ನಿಂತಿರುವುದೇ ಅವಳಿಂದ. ದನ, ಕಣ, ಅಡುಗೆ, ಬಾಣಂತನ, ಎಲ್ಲ ಅವಳೇ. ಅಪ್ಪ ಹೋದ ಮರುದಿನ ಈ ಮನೆಯಲ್ಲಿ ಅವಳು ಯಾರು? ಈ ಪ್ರಶ್ನೆ ಅವಳೊಬ್ಬಳನ್ನು ಬಿಟ್ಟು ನಮ್ಮಲ್ಲಿ ಯಾರನ್ನೂ ಕಾಡಿರಲಿಲ್ಲ.

ಅವತ್ತು ಬೆಳಿಗ್ಗೆ ಚಪ್ಪಡಿ ಸರಿಸಿದೆವು. ಮುಚ್ಚಿಟ್ಟ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಸುಮ್ಮನೆ ಇಳಿದವನು ಮತ್ತೆ ಮೇಲೆ ಬರುವುದಿಲ್ಲ. ಅದಕ್ಕೇ ಮೊದಲು ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡುವುದು. ಅಣ್ಣ ಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು.

"ಗಾಳಿ ಆಡ್ಲಿ. ಕಾಯ್ರಿ," ಅಂದರು ಅಪ್ಪ.

ಕಾಯಲೇಬೇಕು. ಕದಲುವಂತಿಲ್ಲ. ಅಪ್ಪನೂ ಕದಲುವಂತಿಲ್ಲ! ಅಕ್ಕ ಇದಕ್ಕೇ ಕಾದಿದ್ದಳೆಂದು ಕಾಣುತ್ತದೆ. ವಿಧವೆ ಎಂದು ಹಗೇವು ತೆಗೆಯುವಾಗೆಲ್ಲ ಬಾಗಿಲ ಮರೆಯಲ್ಲೇ ನಿಲ್ಲುತ್ತಿದ್ದವಳು, ಸೆರಗು ಸಿಕ್ಕಿಸಿ ನೇರ ಬಂದು ಅಪ್ಪನ ಎದುರಿಗೇ ನಿಂತಳು.

"ಅಪ್ಪಾ, ನೀನು ಹೋದ ಮ್ಯಾಲೆ ನಾನೆಲ್ಲಿ ಇರಬೇಕು?"

ಅಣ್ಣ ಮೇಲೆಳೆದ ಕಂದೀಲನ್ನು ಕೆಳಗಿಟ್ಟ. "ಏನಕ್ಕಾ ಹಿಂಗಂತೀಯ? ನಾವಿಲ್ವೇನು?"

"ಇದೀರಪ್ಪಾ. ಅದನ್ನೇ ಇಲ್ಲಿ ಹೇಳ್ರಿ. ಯಾವ ಕೋಣೆ? ಯಾವ ಹೊಲ?"

ಅಪ್ಪನ ಮೀಸೆ ಕುಣಿಯಿತು. "ಏ ಹಾಲೀ! ನಾನಿನ್ನೂ ಬದುಕೇ ಇದೀನಿ!"

"ಬದುಕಿರೋರನ್ನೇ ಅಲ್ವೇನಪ್ಪಾ ಕೇಳಾಕೆ ಆಗೋದು?"

ನಾನು ನಗು ತಡೆಯಲು ಕೆಮ್ಮಿದೆ. ಅಕ್ಕ ನಗಲಿಲ್ಲ. "ನ್ಯಾಮತಿಯಾಗೆ ಪಂಚಾಯ್ತಿ ಮಾಡಿ ಬಂದ್ಯಲ್ಲ, ಆ ಯಜಮಾನ ಇದ್ದಿದ್ರೆ ಏನಂತಿದ್ದ ಅಂತ ನೀವು ಪಂಚರೇ ಊಹೆ ಮಾಡಿ ತೀರ್ಪು ಕೊಟ್ರಿ. ನಾಳೆ ನಮ್ಮನೆಗೂ ಯಾರೋ ಬಂದು ನಿನ್ನ ಮನಸ್ನಾಗೆ ಏನಿತ್ತು ಅಂತ ಊಹೆ ಮಾಡಬೇಕಾ?"

ಅಪ್ಪ ಹಗೇವನ್ನೇ ನೋಡುತ್ತ ಕೂತರು. ಆಮೇಲೆ ನಿಧಾನಕ್ಕೆ, "ಮೂಡಲ ಕೋಣೆ, ಅದರ ಒಲೆ, ಕೆರೆ ಕೆಳಗಿನ ಎರೆಹೊಲ. ಹಾಲಿ ಇರೋ ತನಕ ಅವಳು ಉಣ್ಲಿ," ಅಂದರು.

ನಾವು ಉಸಿರು ಬಿಟ್ಟೆವು. ಅಕ್ಕ ಬಿಡಲಿಲ್ಲ. "ಇರೋ ತನಕ ಬ್ಯಾಡ. ನನ್ನ ಹೆಸರಿಗೆ."

ಎರೆಹೊಲವೆಂದರೆ ನಮ್ಮ ಮನೆಯ ಒಳ್ಳೆಯ ಹೊಲ. ಅಣ್ಣನ ಮುಖ ಸಣ್ಣದಾಯಿತು. ನನ್ನದೂ ಆಗಿದ್ದಿರಬೇಕು. ಆಗ ಬಾಯಿಬಿಟ್ಟವರು ಯಾರು ಗೊತ್ತೇ? ಎಂದೂ ಮಾವನೆದುರು ಮಾತಾಡದ ನಮ್ಮ ಅತ್ತಿಗೆ.

"ಅಕ್ಕಾರ ಹೆಸರಿಗೇ ಮಾಡ್ರಿ ಮಾವಾ. ನನಗೂ ಮಗಳದಾಳೆ."

ಅಷ್ಟೇ. ಅಣ್ಣ ತಲೆ ತಗ್ಗಿಸಿ, "ಆಗ್ಲಿ," ಅಂದ. ನಾನೂ ಅಂದೆ. ಶುರುವಾದ ಮಾತು ನಿಲ್ಲಲಿಲ್ಲ ನೋಡಿ! ಅಣ್ಣನಿಗೆ ಯಾವುದು, ನನಗೆ ಯಾವುದು, ಬಾವಿ ನೀರು ಹೇಗೆ, ಎಲ್ಲ ಅಲ್ಲೇ ತೀರಿತು. ಯಾರೂ ಸಾಯಲಿಲ್ಲ. ಕೋರ್ಟು ಹತ್ತಲಿಲ್ಲ. ಎರಡನೇ ಸಲ ಕಂದೀಲು ಬಿಟ್ಟಾಗ ತಳ ಮುಟ್ಟಿದರೂ ಉರಿಯುತ್ತಲೇ ಇತ್ತು.

ಮೊದಲ ಪುಟ್ಟಿ ಜೋಳ ಮೇಲೆ ಬಂತು. ಅದನ್ನು ಮೊದಲು ಮುಟ್ಟಬೇಕಾದವಳು ಮನೆಯ ಮುತ್ತೈದೆ ಎಂಬುದು ರೂಢಿ. ಆದರೆ ಅಪ್ಪ, "ಹಾಲೀ, ಹಿಡಿ," ಅಂದರು. ಅಕ್ಕ ಅದನ್ನು ತಲೆಯ ಮೇಲೆ ಹೊತ್ತು ತಲೆಬಾಗಿಲಿಂದಲೇ ಒಳಗೆ ನಡೆದಳು. ನನ್ನ ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮುಂದಿನ ಸೋಮವಾರ ಇದ್ದಿಲ ಬಸ್ಸಿನಲ್ಲಿ ಜಗಳೂರಿಗೆ ಹೋದೆವು. (ಏರಿನಲ್ಲಿ ಬಸ್ಸನ್ನು ನಾವೇ ತಳ್ಳಿದೆವು. ಯುದ್ಧಕಾಲ, ಪೆಟ್ರೋಲಿಲ್ಲ, ಕೇಳುವವರಾರು?) ಅಪ್ಪ ಸಹಿ ಹಾಕಿದರು, ನಾವಿಬ್ಬರೂ ಒಪ್ಪಿಗೆಯ ರುಜು ಹಾಕಿದೆವು, ರಿಜಿಸ್ಟರ್ ಆಯಿತು. ಆಫೀಸಿನ ಮೆಟ್ಟಿಲಿಳಿದ ಮೇಲೆ ಅಕ್ಕ ನಮಗೆಲ್ಲ ಹೋಟೆಲಿನಲ್ಲಿ ಕಾಫಿ ಕುಡಿಸಿದಳು. ಜಮೀನ್ದಾರಳಲ್ಲವೇ ಈಗ!

ನಿನ್ನೆ ಹೊನ್ನಾಳಿಯಿಂದ ಆಳು ಬಂದಿದ್ದ. ಅಲ್ಲಿನ ನಂಟರ ಮನೆಯಲ್ಲಿ ಅಣ್ಣತಮ್ಮಂದಿರದು ಪಾಲಿನ ಜಗಳವಂತೆ. ಅಪ್ಪ ಯಾವಾಗಲೂ ಕೇಳುವ ಪ್ರಶ್ನೆಯನ್ನೇ ಕೇಳಿದರು: "ಯಜಮಾನ ಬದುಕಿದಾನೇನು?"

"ಇದಾರೆ ಗೌಡ್ರೆ," ಅಂದ ಅವನು ಅಳುಕುತ್ತ.

ಅಪ್ಪ ಎದ್ದು ರುಮಾಲು ಸುತ್ತಿಕೊಂಡರು. "ಹಂಗಾದ್ರೆ ನಡಿ, ಈಗ್ಲೇ ಬರ್ತೀನಿ."

ನಿಮ್ಮ ಮನೆಯ ಯಜಮಾನರೂ ಬದುಕಿದ್ದಾರಲ್ಲವೇ?