ಬೇಲೂರು ಬಸ್ ನಿಲ್ದಾಣದಲ್ಲಿ ವಿಶ್ವದಾಖಲೆ

ಮನುಷ್ಯ ಎಷ್ಟು ವೇಗವಾಗಿ ಓಡಬಲ್ಲ ಎಂಬುದು ವಿಜ್ಞಾನಕ್ಕೂ ಬಗೆಹರಿಯದ ಗಹನ ಪ್ರಶ್ನೆ. ಮೊನ್ನೆ ಬೇಲೂರು ನಿಲ್ದಾಣಕ್ಕೆ ಅರಸೀಕೆರೆ ಬಸ್ಸು ಬಂದಾಗ ನನಗದು ಬಗೆಹರಿಯಿತು.

ಜೊತೆಗಿದ್ದವರು ನಿವೃತ್ತ ಪಿ.ಟಿ. ಮೇಷ್ಟ್ರು. ಆಗಷ್ಟೇ ಸನ್ಮಾನ ಮಾಡಿಸಿಕೊಂಡಿದ್ದರು. ಹೊದಿಸಿದ ಶಾಲನ್ನೂ ತೆಗೆಯದೆ, "ನೂರು ಮೀಟರ್ ದಾಖಲೆಯೆಲ್ಲ ಇರೋದು ಸ್ಟಾರ್ಟಿನಲ್ಲಿ ಕಣ್ರೀ" ಎಂದು ನನಗೆ ಬೋಧಿಸುತ್ತಿದ್ದರು. ಬಸ್ಸು ಕಂಡದ್ದೇ ತಡ, ಪಂಚೆ ಎತ್ತಿ ಕಟ್ಟಿ, ಕಾಲೇಜು ಹುಡುಗರನ್ನೆಲ್ಲ ಹಿಂದೆ ಹಾಕಿ ಓಡಿದರು. ಖಾಲಿ ಕಂಡ ಒಂದೇ ಸೀಟಿಗೆ ಕಿಟಕಿಯಿಂದ ಶಾಲು ಎಸೆದು, ವಿಶ್ವವಿಜೇತರ ಗಾಂಭೀರ್ಯದಲ್ಲಿ ಬಸ್ಸು ಹತ್ತಿದರು.

ಆ ಸೀಟಿನಲ್ಲಿ ಅಜ್ಜಿಯೊಬ್ಬರು ಅದೇ ಶಾಲು ಹೊದ್ದು ಕೂತಿದ್ದರು.

"ಏಳಮ್ಮ, ಮೊದಲು ಬಂದವನು ನಾನು" ಎಂದರು ಮೇಷ್ಟ್ರು.

"ನಾನು ಸ್ಟ್ಯಾಂಡಿನ ಗೇಟ್ ತಾವಲೇ ಹತ್ತಿದ್ದೆ ಕಣಪ್ಪ."

"ಗನ್ ಹೊಡೆಯೋಕೆ ಮುಂಚೆ ಓಡಿದ್ರೆ ಅದು ಫೌಲ್!"

"ಇಷ್ಟು ಚೆಂದ ಓಡೋ ಕಾಲಿಗೆ ಸೀಟ್ ಯಾಕಪ್ಪ? ನಿಂತ್ಕೋ. ಶಾಲು ಬೆಚ್ಚಗೈತೆ."

ಇಡೀ ಬಸ್ಸು ನಕ್ಕಿತು. ಮೇಷ್ಟ್ರು ಹಳೇಬೀಡು ದಾಟಿದರೂ ಕಂಬಿ ಹಿಡಿದು ನಿಂತೇ ಇದ್ದರು.

ಅಜ್ಜಿ ಜಾವಗಲ್‌ನಲ್ಲಿ ಇಳಿದರು. ಮೇಷ್ಟ್ರಿಗೆ ಸೀಟು ಸಿಕ್ಕಿತು. ಶಾಲು ಅಜ್ಜಿಯ ಜೊತೆ ಹೋಯಿತು.